ಕಲಿಕೆಯಲ್ಲಿ ಕೈಯ ಪಾಲು

ಕಳೆದ ವರ್ಷದ ರಕ್ಷಕ-ಶಿಕ್ಷಕ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು, "ಮಾಸ್ಟ್ರೇ, ನನ್ನ ಮಗ ಮನೆಗೆ ಬಂದರೆ ಪುಸ್ತಕದ ತುಂಬ ಚಿತ್ರ ಬರೀತಾನೆ. ಚಿತ್ರ ಬರೆದರೆ ಮಾರ್ಕು ಸಿಗ್ತದಾ? ನೀವಾದರೂ ಅವನಿಗೆ ಎರಡು ಮಾತು ಹೇಳಿ" ಎಂದು ಕೇಳಿಕೊಂಡರು. ಸಭೆಯಲ್ಲಿದ್ದವರು ನಕ್ಕರು. ನಾವೂ ನಕ್ಕು, "ಹೇಳುತ್ತೇವೆ" ಎಂದು ಮಾತು ಮುಗಿಸಿದೆವು.

ಆ ಪ್ರಶ್ನೆಗೆ ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಕೊಡುವ ಧೈರ್ಯವೂ ನಮಗಿರಲಿಲ್ಲ. ಏಕೆಂದರೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರ ಬಂದಾಗ ಚಿತ್ರಕಲೆಯ ಮತ್ತು ಕೈಕೆಲಸದ ಪಿರಿಯಡುಗಳನ್ನು ಗಣಿತದ ಪುನರಾವರ್ತನೆಗೆಂದು ಕಸಿದುಕೊಂಡವರು ನಾವೇ. ಚಿತ್ರವೆಂದರೆ ವಿರಾಮದ ಕೆಲಸ, ಕೈಕೆಲಸವೆಂದರೆ ಮೇಳದ ದಿನದ ಕೆಲಸ, ಓದು ಬರಹವೊಂದೇ ನಿಜವಾದ ಕಲಿಕೆ ಎಂಬ ಭಾವನೆ ಹೆತ್ತವರಲ್ಲಿ ಮಾತ್ರವಲ್ಲ, ಅಧ್ಯಾಪಕರಾದ ನಮ್ಮಲ್ಲಿಯೂ ಬೇರೂರಿತ್ತು. ಈ ಒಂದು ವರ್ಷದಲ್ಲಿ ತರಗತಿಯೊಳಗೆ ನಾವು ಕಂಡ ಕೆಲವು ಸಂಗತಿಗಳು ಆ ಭಾವನೆಯನ್ನು ತಿದ್ದಿದವು. ಅವನ್ನು ವಿದ್ಯಾರ್ಥಿಗಳ ಮತ್ತು ಹೆತ್ತವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸುರಂಗದ ಪಾಠ

ನಮ್ಮ ಸೀತಾಂಗೋಳಿಯ ಸುತ್ತಲಿನ ಗುಡ್ಡಗಳು ಮುರಕಲ್ಲಿನವು. ಈ ಗುಡ್ಡಗಳ ಬದಿಯಲ್ಲಿ ನೀರಿಗಾಗಿ ಕೊರೆದ ಸುರಂಗಗಳು ಕಾಸರಗೋಡು ಜಿಲ್ಲೆಯಲ್ಲಿ ಸಾವಿರಾರು ಇವೆ. ಎಂಟನೇ ತರಗತಿಯ ಮಕ್ಕಳಲ್ಲಿ, "ಸುರಂಗವೆಂದರೇನು?" ಎಂದು ಕೇಳಿದೆವು. "ಗುಡ್ಡದ ಬದಿಯಿಂದ ಅಡ್ಡಲಾಗಿ ಒಳಗೆ ಕೊರೆದು, ಒಸರುವ ನೀರನ್ನು ಹೊರಗೆ ತರುವ ವ್ಯವಸ್ಥೆ" ಎಂದು ಹೆಚ್ಚಿನವರು ತಟ್ಟನೆ ಉತ್ತರಿಸಿದರು. ಉತ್ತರ ಸರಿಯಾಗಿಯೇ ಇತ್ತು. ಪರೀಕ್ಷೆಯಲ್ಲಾದರೆ ಪೂರ್ಣ ಅಂಕ ಕೊಡಬೇಕಾದ ಉತ್ತರ.

"ಒಳ್ಳೆಯದು. ಈಗ ಗುಡ್ಡವನ್ನು ಹಲಸಿನ ಹಣ್ಣಿನ ಹಾಗೆ ಎರಡಾಗಿ ಸೀಳಿದರೆ ಸುರಂಗ ಹೇಗೆ ಕಾಣುತ್ತದೆ? ಪುಸ್ತಕ ನೋಡದೆ ಬರೆಯಿರಿ" ಎಂದೆವು. ತರಗತಿ ಮೌನವಾಯಿತು. ಕೆಲವರು ಮೇಲಿನಿಂದ ಕೆಳಕ್ಕೆ ಇಳಿಯುವ ಬಾವಿಯನ್ನೇ ಬರೆದರು. ಇನ್ನು ಕೆಲವರು ಅಡ್ಡಲಾಗಿಯೇ ಬರೆದರು, ಆದರೆ ಅವರ ಸುರಂಗ ಒಳಗೆ ಹೋದಂತೆ ತಗ್ಗಾಗಿತ್ತು. ನೀರಿಗೆ ಬಣ್ಣ ಹಚ್ಚಲು ಹೊರಟ ಒಬ್ಬ ಹುಡುಗಿ ಅರ್ಧದಲ್ಲಿ ಪೆನ್ಸಿಲು ನಿಲ್ಲಿಸಿ, "ಟೀಚರ್, ನನ್ನ ಸುರಂಗದ ನೀರು ಹೊರಗೆ ಬರುವುದಿಲ್ಲ, ಒಳಗೇ ಉಳೀತದೆ!" ಎಂದಳು.

ಆ ಮಾತಿನಲ್ಲಿಯೇ ಅಂದಿನ ಪಾಠವೆಲ್ಲ ಇತ್ತು. 'ನೀರನ್ನು ಹೊರಗೆ ತರುವ ವ್ಯವಸ್ಥೆ' ಎಂದು ಬಾಯಿ ಹೇಳುವಾಗ ನೀರು ಹೊರಗೆ ಬರುವುದು ಹೇಗೆ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಗೆರೆ ಎಳೆಯಲು ಹೊರಟ ಕೈಗೆ ಮಾತ್ರ ಆ ಪ್ರಶ್ನೆ ಎದುರಾಯಿತು. ಗೆರೆ ಮೇಲಕ್ಕೆ ಹೋಗಬೇಕೋ, ಕೆಳಕ್ಕೆ ಇಳಿಯಬೇಕೋ? ಬಾಯಿಗೆ ಇಲ್ಲದ ಕಷ್ಟ ಕೈಗೆ ಉಂಟು. ಕೈ ಯಾವುದಾದರೂ ಒಂದನ್ನು ತೀರ್ಮಾನಿಸಲೇಬೇಕು.

ಮರುದಿನ ಮಕ್ಕಳು ಅಂಗಳದಲ್ಲಿ ಜೇಡಿಮಣ್ಣಿನ ಒಂದು ಗುಡ್ಡ ಮಾಡಿದರು. ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಸುರಂಗವಾಗಿ ಒಳಗಿಟ್ಟರು. ನೀರು ಹೊಯ್ದು, ದಂಟಿನ ಓರೆಯನ್ನು ಬದಲಾಯಿಸಿ ಬದಲಾಯಿಸಿ ನೋಡಿದರು. ಒಳತುದಿ ಸ್ವಲ್ಪ ಎತ್ತರದಲ್ಲಿದ್ದರೆ ಯಾವ ಪಂಪೂ ಇಲ್ಲದೆ ನೀರು ತಾನಾಗಿ ಹೊರಗೆ ಹರಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. "ನಮ್ಮ ಗುಡ್ಡ ಕುಸೀತದೆ, ನಿಜವಾದ ಸುರಂಗ ಯಾಕೆ ಕುಸಿಯುವುದಿಲ್ಲ?" ಎಂದು ಕೇಳಿದರು. ಮುರಕಲ್ಲು ನೆಲದೊಳಗಿರುವಾಗ ಕಡಿಯಲು ಮೆದುವಾಗಿದ್ದು, ಗಾಳಿ ತಗಲಿದ ಮೇಲೆ ಗಟ್ಟಿಯಾಗುತ್ತದೆ ಎಂಬ ಭೂವಿಜ್ಞಾನದ ಸಂಗತಿಯನ್ನು ಅಂದು ನಾವು ಬೋಧಿಸಬೇಕಾಗಿ ಬರಲಿಲ್ಲ. ಅವರೇ ಕೇಳಿ ತಿಳಿದುಕೊಂಡರು. ಮುರಕಲ್ಲಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಇಳಿದ ಮಳೆನೀರು ಅಡಿಯ ಜೇಡಿಮಣ್ಣಿನ ಪದರದ ಮೇಲೆ ತಡೆದು ನಿಲ್ಲುತ್ತದೆ ಎಂಬುದೂ ಹಾಗೆಯೇ ಹೊರಬಂತು.

ಈ ಸಂದರ್ಭದಲ್ಲಿ ಗಡಿಯಾಚೆಯ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರನ್ನು ಮಕ್ಕಳಿಗೆ ಪರಿಚಯಿಸಿದೆವು. ಅಡ್ಯನಡ್ಕ ಸಮೀಪದ ಬೋಳುಗುಡ್ಡದಲ್ಲಿ ಅವರು ದಿನದ ಕೂಲಿ ಕೆಲಸ ಮುಗಿಸಿ ಬಂದು, ಒಬ್ಬರೇ ಸುರಂಗ ಕೊರೆದವರು. ಮೊದಲು ಕೊರೆದ ಕೆಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಕೈಬಿಡದೆ, ಕೊನೆಗೆ ನೀರು ಕಂಡು, ಆ ಗುಡ್ಡದಲ್ಲಿ ಅಡಿಕೆ, ತೆಂಗು ಬೆಳೆದರು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಪ್ರಕಟಿಸಿತು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಮಣ್ಣಿನ ವಿದ್ಯೆಯನ್ನು ಕಲಿಸಿದ್ದು ಅವರ ಕೈ ಹಿಡಿದ ಪಿಕ್ಕಾಸು. ಸೋತ ಒಂದೊಂದು ಸುರಂಗವೂ ಅವರಿಗೆ ಒಂದೊಂದು ಪಾಠವಾಗಿತ್ತು.

ದಾಸವಾಳ ಹೇಳಿದ ಸತ್ಯ

ಇನ್ನೊಂದು ತರಗತಿಯಲ್ಲಿ ಹೂವಿನ ಭಾಗಗಳ ಪಾಠ ನಡೆಯುತ್ತಿತ್ತು. ಮೊದಲು ನೆನಪಿನಿಂದ ದಾಸವಾಳದ ಚಿತ್ರ ಬರೆಯಲು ಹೇಳಿದೆವು. ದಾಸವಾಳ ನೋಡದ ಮಕ್ಕಳು ನಮ್ಮಲ್ಲಿ ಯಾರೂ ಇಲ್ಲ. ಪ್ರತಿದಿನ ದೇವರ ಪೂಜೆಗೆ ಕೊಯ್ಯುವ ಹೂ ಅದು. ಆದರೂ ಕೆಲವರ ಹೂವಿಗೆ ನಾಲ್ಕು ಎಸಳು, ಕೆಲವರದಕ್ಕೆ ಆರು. ನಡುವಿನ ದಂಡಿನ ತುದಿಯಲ್ಲಿ ಎಲ್ಲರೂ ಒಂದು ಉಂಡೆಯನ್ನು ಬರೆದು ಬಿಟ್ಟಿದ್ದರು.

ಆಮೇಲೆ ಒಬ್ಬೊಬ್ಬರ ಕೈಗೂ ಒಂದೊಂದು ಬಿಳಿ ಅಥವಾ ಕೆಂಪು ಒಂಟಿ ದಾಸವಾಳ ಕೊಟ್ಟು, ಅದನ್ನು ನೋಡಿ ಬರೆಯಲು ಹೇಳಿದೆವು. ಎಸಳು ಐದು. ಒಂದರ ಅಂಚು ಇನ್ನೊಂದರ ಮೇಲೆ ಸುತ್ತಿಕೊಂಡಂತೆ ಇರುತ್ತದೆ. ನಡುವಿನ ಕೊಳವೆಯ ಮೈಮೇಲೆ ಲೆಕ್ಕವಿಲ್ಲದಷ್ಟು ಕೇಸರಗಳು. ತುದಿಯಲ್ಲಿ ಒಂದಲ್ಲ, ಐದು ಪುಟ್ಟ ಶಲಾಕಾಗ್ರಗಳು ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡಿವೆ. ಬುಡದ ಅಂಡಾಶಯವನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ತೋರಿಸಿದಾಗ ಅಲ್ಲಿಯೂ ಐದು ಕೋಣೆಗಳು. "ಎಲ್ಲ ಐದೈದು!" ಎಂದು ಒಬ್ಬ ಹುಡುಗ ಕೂಗಿದ. ಸಸ್ಯಶಾಸ್ತ್ರಜ್ಞರು ಹೂಗಳನ್ನು ವರ್ಗೀಕರಿಸುವಾಗ ಗಮನಿಸುವ ಸಂಗತಿಗಳಲ್ಲಿ ಇದೂ ಒಂದು. ಹೇಳಿ ಕೊಡದೆಯೇ ಅದು ಅವನಿಗೆ ಸಿಕ್ಕಿತು.

ಹತ್ತು ವರ್ಷ ದಿನವೂ ಕಂಡ ಹೂವನ್ನು ನಾವು ನಿಜವಾಗಿ ನೋಡಿರಲಿಲ್ಲ ಎಂಬುದು ಬರೆಯಲು ಕುಳಿತಾಗ ಗೊತ್ತಾಯಿತು. ಕಾಣುವುದು ಬೇರೆ, ನೋಡುವುದು ಬೇರೆ. ಚಿತ್ರರಚನೆ ನಮ್ಮನ್ನು ಕಾಣುವುದರಿಂದ ನೋಡುವುದಕ್ಕೆ ಕರೆದೊಯ್ಯುತ್ತದೆ.

ಚಂದ್ರನನ್ನು ಕಂಡ ಇಬ್ಬರು

ವಿಜ್ಞಾನದ ಚರಿತ್ರೆಯಲ್ಲಿಯೂ ಇದಕ್ಕೆ ಒಂದು ಸೊಗಸಾದ ನಿದರ್ಶನವಿದೆ. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಎಂಬ ವಿದ್ವಾಂಸನು ದೂರದರ್ಶಕದಿಂದ ಚಂದ್ರನನ್ನು ನೋಡಿ ಚಿತ್ರ ಬರೆದನು. ಬೆಳಕು ಮತ್ತು ಕತ್ತಲೆ ಸೇರುವ ಗೆರೆ ಅಂಕುಡೊಂಕಾಗಿರುವುದನ್ನು ಆತ ಗುರುತಿಸಿದನು. ಆದರೆ ಅದು ಏಕೆ ಹಾಗಿದೆ ಎಂಬುದು ಅವನ ಆ ಚಿತ್ರದಲ್ಲಿ ಕಾಣುವುದಿಲ್ಲ. ಅದೇ ವರ್ಷದ ಕೊನೆಯಲ್ಲಿ ಇಟೆಲಿಯ ಗೆಲಿಲಿಯೋ ಅದೇ ಚಂದ್ರನನ್ನು ನೋಡಿದನು. ಅವನು ಗಣಿತಜ್ಞನಷ್ಟೇ ಅಲ್ಲ, ಚಿತ್ರಕಲೆಯಲ್ಲಿ ಅಭ್ಯಾಸವಿದ್ದವನು. ಉಬ್ಬಿದ ವಸ್ತುವಿನ ಮೇಲೆ ಬೆಳಕು ಬಿದ್ದರೆ ನೆರಳು ಎಲ್ಲಿ, ಹೇಗೆ ಬೀಳುತ್ತದೆ ಎಂಬುದು ಅವನ ಕೈಗೆ ಗೊತ್ತಿತ್ತು. ಕತ್ತಲೆಯ ಭಾಗದೊಳಗೆ ಒಂಟಿಯಾಗಿ ಹೊಳೆಯುವ ಬಿಂದುಗಳು ಸೂರ್ಯನ ಬೆಳಕು ಮೊದಲು ತಗಲಿದ ಬೆಟ್ಟದ ತುದಿಗಳು ಎಂದು ಆತ ಅರ್ಥಮಾಡಿಕೊಂಡನು. ನಮ್ಮ ಪೊಸಡಿಗುಂಪೆಯ ನೆತ್ತಿಗೆ ಬೆಳಗಿನ ಬಿಸಿಲು ಮೊದಲು ತಾಗಿ, ತಪ್ಪಲಿನ ತೋಟಗಳು ಇನ್ನೂ ನೆರಳಲ್ಲಿರುವುದಿಲ್ಲವೇ? ಅದೇ ರೀತಿ. 1610ರಲ್ಲಿ ಗೆಲಿಲಿಯೋ ತನ್ನ ಚಿತ್ರಗಳೊಂದಿಗೆ ಪುಸ್ತಕ ಪ್ರಕಟಿಸಿದನು. ಚಂದ್ರನ ಮೇಲೆ ಬೆಟ್ಟ ಕಣಿವೆಗಳಿವೆ ಎಂದು ಲೋಕ ತಿಳಿಯಿತು. ಆಮೇಲೆ ಹ್ಯಾರಿಯಟ್ ಬರೆದ ಚಂದ್ರನ ಚಿತ್ರಗಳಲ್ಲಿಯೂ ಆ ಕುಳಿಗಳು ಕಾಣಿಸಿಕೊಂಡವು.

ಯಂತ್ರ ಇಬ್ಬರ ಕೈಯಲ್ಲಿಯೂ ಇತ್ತು. ನೆರಳು ಬೆಳಕನ್ನು ಬರೆದು ಬರೆದು ಪಳಗಿದ ಕೈ ಇದ್ದುದು ಒಬ್ಬನಲ್ಲಿ.

ನೆನಪಿಗೆ ಚಿತ್ರದ ಊರುಗೋಲು

"ಇದೆಲ್ಲ ಸರಿ, ಓದಿದ್ದು ನೆನಪಿನಲ್ಲಿ ಉಳಿಯಬೇಕಲ್ಲ?" ಎಂದು ಕೇಳುವವರಿಗೆ ಒಂದು ಸಂಶೋಧನೆಯ ವಿಷಯ ತಿಳಿಸುತ್ತೇವೆ. ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2016ರಲ್ಲಿ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಅವರು ವಿದ್ಯಾರ್ಥಿಗಳಿಗೆ ಸರಳ ಪದಗಳನ್ನು ಒಂದೊಂದಾಗಿ ಕೊಟ್ಟು, ಕೆಲವನ್ನು ಚಿತ್ರವಾಗಿ ಬರೆಯಲು, ಇನ್ನು ಕೆಲವನ್ನು ಅಕ್ಷರಗಳಲ್ಲಿ ಮತ್ತೆ ಮತ್ತೆ ಬರೆಯಲು ಹೇಳಿದರು. ಪ್ರತಿಯೊಂದಕ್ಕೂ 40 ಸೆಕೆಂಡು. ಆಮೇಲೆ ನೆನಪಿರುವ ಪದಗಳನ್ನು ಹೇಳಲು ಕೇಳಿದಾಗ, ಚಿತ್ರ ಬರೆದ ಪದಗಳೇ ಹೆಚ್ಚು ನೆನಪಿನಲ್ಲಿದ್ದವು. ಎಷ್ಟೋ ಸಲ ಎರಡರಷ್ಟು. ಸಮಯವನ್ನು 4 ಸೆಕೆಂಡಿಗೆ ಇಳಿಸಿದಾಗಲೂ ಚಿತ್ರದ್ದೇ ಮೇಲುಗೈ. ಚಿತ್ರ ಚೆನ್ನಾಗಿದೆಯೇ, ವಕ್ರವಾಗಿದೆಯೇ ಎಂಬುದು ಮುಖ್ಯವಾಗಲಿಲ್ಲ.

ಇದಕ್ಕೆ ಕಾರಣವೇನು? ಒಂದು ಪದವನ್ನು ಚಿತ್ರವಾಗಿಸಬೇಕಾದರೆ ಮೊದಲು ಅದರ ಅರ್ಥವನ್ನು ಯೋಚಿಸಬೇಕು. ಬಳಿಕ ಕೈ ಚಲಿಸಬೇಕು. ಆಮೇಲೆ ಕಾಗದದ ಮೇಲೆ ಮೂಡಿದ್ದನ್ನು ಕಣ್ಣು ನೋಡಬೇಕು. ಹೀಗೆ ಒಂದೇ ವಿಷಯ ಮೂರು ದಾರಿಗಳಿಂದ ಮನಸ್ಸನ್ನು ಸೇರುತ್ತದೆ. ಒಂದು ದಾರಿ ಮುಚ್ಚಿಹೋದರೂ ಇನ್ನೊಂದರಿಂದ ನೆನಪು ಹೊರಗೆ ಬರುತ್ತದೆ.

ಇದರಿಂದ ಚಿತ್ರ ಬರೆದರೆ ಅಂಕಗಳು ಎರಡು ಪಟ್ಟಾಗುತ್ತವೆ ಎಂದು ಯಾರೂ ಭಾವಿಸಬಾರದು. ಆ ಪ್ರಯೋಗ ಪದಗಳ ನೆನಪಿಗೆ ಸಂಬಂಧಿಸಿದ್ದು. ಓದಬೇಕಾದ್ದನ್ನು ಓದಲೇಬೇಕು. ಆದರೆ ಓದಿದ್ದನ್ನು ಗಟ್ಟಿಗೊಳಿಸಲು ಹತ್ತು ಬಾರಿ ಉರುಹೊಡೆಯುವುದೊಂದೇ ದಾರಿಯಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಅಂಗಳದ ಗಣಿತ

ಗಣಿತಕ್ಕೂ ಕೈಗೂ ಹಳೆಯ ನಂಟು. ನಮ್ಮ ಮನೆಯ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ಚುಕ್ಕಿ ರಂಗೋಲಿಯನ್ನೇ ನೋಡಿ. 1, 3, 5, 7, 5, 3, 1 ಎಂದು ಏಳು ಸಾಲು ಚುಕ್ಕಿ ಇಟ್ಟರೆ ಒಟ್ಟು 25 ಚುಕ್ಕಿಗಳಾಗುತ್ತವೆ. ಮೇಲಿನ ನಾಲ್ಕು ಸಾಲು ಕೂಡಿಸಿದರೆ 16, ಅಂದರೆ 4×4. ಕೆಳಗಿನ ಮೂರು ಸಾಲು ಕೂಡಿಸಿದರೆ 9, ಅಂದರೆ 3×3. ಇದು ಆಕಸ್ಮಿಕವೇ? ಅಲ್ಲ.

ವಿದ್ಯಾರ್ಥಿಗಳೇ, ಒಂದಿಷ್ಟು ಹುಣಸೆಬೀಜ ತೆಗೆದುಕೊಳ್ಳಿರಿ. ಮೊದಲು ಒಂದು ಬೀಜ ಇಡಿ. ಅದರ ಬಲಕ್ಕೆ ಒಂದು, ಕೆಳಗೆ ಒಂದು, ಮೂಲೆಗೆ ಒಂದು, ಹೀಗೆ 3 ಬೀಜ ಸೇರಿಸಿರಿ. ಎರಡು ಸಾಲಿನ ಚೌಕವಾಯಿತು. ಅದರ ಬಲಬದಿಗೂ ಕೆಳಬದಿಗೂ ಸೇರಿಸಿ 5 ಬೀಜ ಇಟ್ಟರೆ ಮೂರು ಸಾಲಿನ ಚೌಕ. ಇನ್ನು 7 ಇಟ್ಟರೆ ನಾಲ್ಕು ಸಾಲಿನ ಚೌಕ. 1ರಿಂದ ಆರಂಭಿಸಿ ಕ್ರಮವಾಗಿ ಬೆಸಸಂಖ್ಯೆಗಳನ್ನು ಕೂಡಿಸುತ್ತ ಹೋದರೆ ಯಾವಾಗಲೂ ವರ್ಗಸಂಖ್ಯೆಯೇ ಏಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕೇ? ಸೂತ್ರವನ್ನು ಮರೆತರೂ ಬೀಜಗಳ ಚೌಕ ಮರೆಯುವುದಿಲ್ಲ. ಚೌಕ ನೆನಪಾದರೆ ಸೂತ್ರವನ್ನು ನೀವೇ ಮತ್ತೆ ಬರೆಯಬಲ್ಲಿರಿ.

ಬುಟ್ಟಿ ಹೆಣೆದ ಹುಡುಗ

ಇನ್ನು ಕೈಕೆಲಸದ ಮಾತು. ವೃತ್ತಿ ಪರಿಚಯ ಮೇಳಕ್ಕೆ ಸಿದ್ಧತೆ ಮಾಡುವಾಗ ನಮ್ಮ ಮನಸ್ಸಿಗೆ ನಾಟಿದ ಒಂದು ಪ್ರಸಂಗ ನಡೆಯಿತು. ತರಗತಿಯಲ್ಲಿ ಯಾವಾಗಲೂ ಕೊನೆಯ ಬೆಂಚಿನಲ್ಲಿ ಕುಳಿತು, ಕೇಳಿದ್ದಕ್ಕೆ ತಲೆತಗ್ಗಿಸುವ ಒಬ್ಬ ಹುಡುಗನಿದ್ದ. ಗಣಿತದಲ್ಲಂತೂ ಬಹಳ ಹಿಂದೆ. ಅಂದು ಕೆಲವರು ಬುಟ್ಟಿ ಹೆಣೆಯಲು ಯತ್ನಿಸುತ್ತಿದ್ದರು. ಎಂಟು ಕಡ್ಡಿಗಳನ್ನು ಚಕ್ರದಂತೆ ನಿಲ್ಲಿಸಿ, ಒಂದೇ ಬಳ್ಳಿಯನ್ನು ಒಂದರ ಹೊರಗೆ, ಒಂದರ ಒಳಗೆ ಹಾಯಿಸಿ ಸುತ್ತುತ್ತಿದ್ದರು. ಎಷ್ಟು ಸುತ್ತಿದರೂ ಹೆಣಿಗೆ ನಿಲ್ಲಲಿಲ್ಲ. ಎಲ್ಲ ಸುತ್ತುಗಳೂ ಒಂದೇ ಕಡೆಯಿಂದ ಹಾದು ಜಾರುತ್ತಿದ್ದವು.

ಬಹಳ ಹೊತ್ತು ನೋಡುತ್ತಿದ್ದ ಆ ಹುಡುಗ ಮೆಲ್ಲನೆ ಹತ್ತಿರ ಬಂದು, "ಕಡ್ಡಿ ಬೆಸ ಇರಬೇಕು" ಎಂದ. ಇನ್ನೊಂದು ಕಡ್ಡಿ ಸಿಕ್ಕಿಸಿ ಒಂಬತ್ತು ಮಾಡಿದ. ಬಳ್ಳಿಯನ್ನು ಸುತ್ತಿದ. ಮೊದಲ ಸುತ್ತಿನಲ್ಲಿ ಕಡ್ಡಿಯ ಹೊರಗೆ ಹಾದ ಬಳ್ಳಿ ಎರಡನೆಯ ಸುತ್ತಿನಲ್ಲಿ ತಾನಾಗಿ ಒಳಗೆ ಹಾಯಿತು. ಹೆಣಿಗೆ ಬಿಗಿಯಾಗಿ ಕುಳಿತಿತು. ಕಡ್ಡಿಗಳ ಸಂಖ್ಯೆ ಸಮವಾದರೆ ಒಂದು ಸುತ್ತು ಮುಗಿದಾಗ ಬಳ್ಳಿ ಹೊರಟ ಸ್ಥಿತಿಗೇ ಮರಳುತ್ತದೆ. ಬೆಸವಾದರೆ ಪ್ರತಿ ಸುತ್ತಿಗೂ ಅದಲುಬದಲಾಗುತ್ತದೆ. ಸಮ-ಬೆಸದ ಈ ಗುಣವನ್ನು ನಾವು ಕಪ್ಪುಹಲಗೆಯ ಮೇಲೆ ಎಷ್ಟೋ ಬಾರಿ ಬರೆದಿದ್ದೆವು. ಆದರೆ ಅದರ ಉಪಯೋಗ ನಮಗೇ ಹೊಳೆದಿರಲಿಲ್ಲ.

"ಎಲ್ಲಿ ಕಲಿತೆ?" ಎಂದು ಕೇಳಿದಾಗ ಅವನು ತಡವರಿಸಿದ. ಮನೆಯಲ್ಲಿ ಅಜ್ಜಿ ಬುಟ್ಟಿ ಹೆಣೆದು ಮಾರುತ್ತಾರೆ, ಅವನು ಅವರಿಗೆ ನೆರವಾಗುತ್ತಾನೆ. ಗೆಳೆಯರು ನಗುತ್ತಾರೆಂದು ಎರಡು ವರ್ಷದಿಂದ ಆ ಮಾತನ್ನು ಶಾಲೆಯಲ್ಲಿ ಎತ್ತಿರಲಿಲ್ಲ. ಆ ದಿನ ನಮಗೆ ನಾಚಿಕೆಯಾಯಿತು. ಒಬ್ಬ ವಿದ್ಯಾರ್ಥಿ ತನಗೆ ಚೆನ್ನಾಗಿ ಗೊತ್ತಿರುವ ವಿದ್ಯೆಯನ್ನೇ ಶಾಲೆಯ ಗೇಟಿನ ಹೊರಗೆ ಬಿಟ್ಟು ಬರುವಂತಾದರೆ ಅದು ಅವನ ತಪ್ಪಲ್ಲ, ನಮ್ಮದು. ಮುಂದಿನ ವಾರ ನಾವು ಅವನ ಅಜ್ಜಿಯನ್ನು ಶಾಲೆಗೆ ಕರೆಸಿದೆವು. ಅವರು ಜಗಲಿಯಲ್ಲಿ ಕುಳಿತು ಬುಟ್ಟಿ ಹೆಣೆದರು. ಅಜ್ಜಿ ಹೇಳಿದ್ದನ್ನು ಮೊಮ್ಮಗ ಗೆಳೆಯರಿಗೆ ವಿವರಿಸಿದ. ಆಮೇಲೆ ಅವನು ಗಣಿತದಲ್ಲಿ ಮೊದಲಿಗನಾದ ಎಂದು ಕಥೆ ಕಟ್ಟಿ ಹೇಳುವುದಿಲ್ಲ. ಆದರೆ ಈಗ ಅವನು ತಿಳಿಯದಿದ್ದುದನ್ನು ತಿಳಿಯದು ಎಂದು ಕೇಳುತ್ತಾನೆ. ಕೇಳುವುದೇ ಕಲಿಕೆಯ ಆರಂಭ.

ಹಿರಿಯರು ಕಂಡ ದಾರಿ

ಇದು ನಾವು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧೀಜಿಯವರು ಒಂದು ಕೈಕಸುಬನ್ನು ಕೇಂದ್ರವಾಗಿರಿಸಿಕೊಂಡ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. ಡಾ. ಜಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿ ಅದಕ್ಕೆ ರೂಪ ಕೊಟ್ಟಿತು. ಮಕ್ಕಳು ಬರಿದೆ ನೂಲು ತೆಗೆಯಬೇಕೆಂಬುದು ಗಾಂಧೀಜಿಯವರ ಆಶಯವಾಗಿರಲಿಲ್ಲ. ಮಾಡುವ ಪ್ರತಿಯೊಂದು ಕೆಲಸದ ಏಕೆ, ಹೇಗೆ ಎಂಬುದನ್ನು ಮಗು ತಿಳಿಯಬೇಕು ಎಂಬುದೇ ಅವರ ಆಶಯವಾಗಿತ್ತು. 1964ರಿಂದ 1966ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಕಾರ್ಯಾನುಭವವು ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದು ಶಿಫಾರಸು ಮಾಡಿತು.

ನಮ್ಮ ನೆರೆಯ ಪುತ್ತೂರಿನಲ್ಲಿ ಡಾ. ಕೋಟ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿ ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳನ್ನು ನಡೆಸಿದರು. ಆಟ, ನಾಟಕ, ಕುಣಿತ, ಚಿತ್ರ ಇವೆಲ್ಲವೂ ಅವರ ದೃಷ್ಟಿಯಲ್ಲಿ ಶಿಕ್ಷಣವೇ ಆಗಿದ್ದವು. 1936ರಲ್ಲಿ ಅವರು ಮೂರು ಸಂಪುಟಗಳಲ್ಲಿ ಹೊರತಂದ 'ಬಾಲಪ್ರಪಂಚ' ಕನ್ನಡದ ಮಕ್ಕಳಿಗೆ ಚಿತ್ರಗಳೊಡನೆ ಲೋಕವನ್ನು ಪರಿಚಯಿಸಿದ ಗ್ರಂಥ. ಲೇಖನಿ ಹಿಡಿದ ಆ ಕೈ ಕುಂಚವನ್ನೂ ಹಿಡಿದಿತ್ತು, ಕ್ಯಾಮರಾವನ್ನೂ ಹಿಡಿದಿತ್ತು. 1977ನೇ ವರ್ಷದ ಜ್ಞಾನಪೀಠ ಪ್ರಶಸ್ತಿ ಪಡೆದ ಲೇಖಕರು ಚಿತ್ರಕ್ಕೆ ಸಮಯ ಕೊಟ್ಟದ್ದರಿಂದ ವಿದ್ಯೆಯಲ್ಲಿ ಹಿಂದೆ ಬಿದ್ದರೇ?

ಎರಡು ಎಚ್ಚರಿಕೆಗಳು

ಆದರೆ ಕೈಗೆ ಕೊಟ್ಟ ಕೆಲಸವೆಲ್ಲ ಕಲಿಕೆಯಾಗುವುದಿಲ್ಲ. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು ಅಲಂಕಾರದ ಕುರಿತು. ಪುಸ್ತಕದ ಚಿತ್ರದ ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದು, ಸುತ್ತಲೂ ಸ್ಕೆಚ್ ಪೆನ್ನಿನಿಂದ ಹೂಬಳ್ಳಿ ಬಿಡಿಸಿದರೆ ಪುಟ ಅಂದವಾದೀತು, ತಲೆಗೆ ಏನೂ ಹತ್ತದು. ಹೃದಯದ ಚಿತ್ರವನ್ನು ಬಣ್ಣಬಣ್ಣವಾಗಿ ಬರೆದ ವಿದ್ಯಾರ್ಥಿಗೆ, ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗುತ್ತದೆ ಎಂದು ಬೆರಳಿನಿಂದ ತೋರಿಸಲು ಬರದಿದ್ದರೆ ಆ ಬಣ್ಣದಿಂದ ಪ್ರಯೋಜನವೇನು?

ಎರಡನೆಯದು ಕೊಂಡು ತಂದ ಕೆಲಸದ ಕುರಿತು. ಅಂಗಡಿಯಿಂದ ತಂದ ಮಾದರಿ, ಅಣ್ಣ ಮಾಡಿಕೊಟ್ಟ ಚಾರ್ಟು, ಅಮ್ಮ ರಾತ್ರಿ ಹನ್ನೊಂದರವರೆಗೆ ಕುಳಿತು ಅಂಟಿಸಿದ ಪ್ರಾಜೆಕ್ಟು, ಇವುಗಳಿಂದ ಕಲಿತವರು ಅಂಗಡಿಯವರು, ಅಣ್ಣ ಮತ್ತು ಅಮ್ಮ! ಮಗು ಮಾಡಿದ ವಕ್ರ ಮಾದರಿಗೆ ನಾವು ಅಧ್ಯಾಪಕರು ಹೆಚ್ಚು ಬೆಲೆ ಕೊಡಬೇಕು. ಹೆತ್ತವರೂ ಹಾಗೆಯೇ ಕೊಡಬೇಕೆಂದು ವಿನಂತಿ. ಕಪ್ಪುಹಲಗೆಯ ಮೇಲಿನದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವ ಅಭ್ಯಾಸವೂ ಇದೇ ಜಾತಿಗೆ ಸೇರಿದ್ದು. ಪಾಠ ಮೊಬೈಲಿನಲ್ಲಿ ಇರುತ್ತದೆ, ಮನಸ್ಸಿನಲ್ಲಿ ಇರುವುದಿಲ್ಲ.

"ನನಗೆ ಚಿತ್ರ ಬರುವುದಿಲ್ಲ" ಎನ್ನುವ ಮಕ್ಕಳಿಗೂ ಒಂದು ಮಾತು. ನಾವು ಹೇಳುತ್ತಿರುವುದು ಬಹುಮಾನಕ್ಕೆ ಬರೆಯುವ ಚಿತ್ರವಲ್ಲ, ಅರ್ಥಮಾಡಿಕೊಳ್ಳಲು ಬರೆಯುವ ಚಿತ್ರ. ಅಲ್ಲಿ ಗೆರೆ ಅಂದವಾಗಿರಬೇಕಾಗಿಲ್ಲ, ಸತ್ಯವಾಗಿದ್ದರೆ ಸಾಕು.

ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

1. ಒಂದು ಪಾಠ ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ, ಅದರ ಸಾರವನ್ನು ಒಂದು ಚಿತ್ರವಾಗಿ ಅಥವಾ ಬಾಣಗಳಿಂದ ಕೂಡಿದ ನಕ್ಷೆಯಾಗಿ ಬರೆಯಿರಿ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಮಗೆ ಪಾಠ ಅರ್ಥವಾಗಿಲ್ಲ. ಅಲ್ಲಿಂದ ಮತ್ತೆ ಓದಿರಿ.

2. ಗಣಿತದ ಭಾಷಾ ಲೆಕ್ಕವನ್ನು ಬಿಡಿಸುವ ಮೊದಲು ಅದರ ಚಿತ್ರ ಬರೆಯಿರಿ. ಏಣಿ, ಗೋಡೆ, ತೋಟ, ಬೇಲಿ ಯಾವುದಿದ್ದರೂ ಸರಿ. ಅರ್ಧ ಲೆಕ್ಕ ಅಲ್ಲಿಯೇ ಬಿಟ್ಟಿರುತ್ತದೆ.

3. ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆಯನ್ನು ನೆನಪಿನಿಂದ ಬರೆಯಿರಿ. ಸೀತಾಂಗೋಳಿ ಪೇಟೆಯಲ್ಲಿ ನಿಂತು ಕುಂಬಳೆ ಯಾವ ದಿಕ್ಕಿಗೆ, ಬದಿಯಡ್ಕ ಯಾವ ದಿಕ್ಕಿಗೆ, ವಿದ್ಯಾನಗರದ ದಾರಿ ಯಾವ ಕಡೆಗೆ ಎಂದು ಗುರುತಿಸಿರಿ. ಮರುದಿನ ನಡೆಯುವಾಗ ತಪ್ಪುಗಳನ್ನು ತಿದ್ದಿಕೊಳ್ಳಿರಿ. ಭೂಗೋಳದ ನಕ್ಷೆ ಆಗ ನಿಮ್ಮೊಡನೆ ಮಾತನಾಡುತ್ತದೆ.

4. ವಾರಕ್ಕೊಂದು ಎಲೆ, ಹೂ, ಕೀಟ ಅಥವಾ ಮನೆಯ ಒಂದು ಉಪಕರಣವನ್ನು ನೋಡಿ ಬರೆದು, ಕೆಳಗೆ ದಿನಾಂಕ ಹಾಕಿ, ಹೊಸದಾಗಿ ಕಂಡದ್ದೊಂದನ್ನು ಬರೆದಿಡಿ.

5. ಮಡಲು ಹೆಣೆಯುವುದು, ಹಾಳೆಟೊಪ್ಪಿ ಮಾಡುವುದು, ಸೈಕಲ್ಲಿನ ಚೈನು ಹಾಕುವುದು, ಗುಂಡಿ ಹೊಲಿಯುವುದು, ಕಸಿ ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಎರಡನ್ನು ಈ ವರ್ಷ ಮನೆಯ ಹಿರಿಯರಿಂದ ಕಲಿಯಿರಿ. 'ಹೀಗೇ ಏಕೆ?' ಎಂದು ಕೇಳಲು ಮರೆಯಬೇಡಿ.

ಹೆತ್ತವರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಮಗು ಚಿತ್ರ ಬರೆಯುತ್ತಿದ್ದರೆ "ಓದು" ಎಂದು ಗದರಿಸುವ ಮೊದಲು, "ಇದೇನು ಬರೆದದ್ದು? ಇದು ಹೇಗೆ ಕೆಲಸ ಮಾಡ್ತದೆ?" ಎಂದು ಒಮ್ಮೆ ಕೇಳಿರಿ. ನಿಮ್ಮ ಕೆಲಸದಲ್ಲಿ ಅರ್ಧ ಗಂಟೆ ಮಗುವನ್ನು ಜೊತೆಗೆ ಸೇರಿಸಿಕೊಳ್ಳಿರಿ. ದುಡಿಸುವುದಕ್ಕಲ್ಲ, ತಿಳಿಸುವುದಕ್ಕೆ.

ಕೊನೆಗೆ, ಸಭೆಯಲ್ಲಿ ಪ್ರಶ್ನೆ ಕೇಳಿದ ಆ ತಂದೆಗೆ ನಾವು ಕೊಡಬೇಕಾಗಿದ್ದ ಉತ್ತರ. ಮೊನ್ನೆ ಅವರ ಮಗನ ಪುಸ್ತಕವನ್ನು ತೆರೆದು ನೋಡಿದೆವು. ಅದರ ತುಂಬ ಇದ್ದುದು ಕಲ್ಲಿನ ಗೋಡೆಗಳು, ಕಿಟಕಿಯ ಮೇಲಿನ ಕಮಾನುಗಳು, ಮೆಟ್ಟಿಲುಗಳು. ಆ ತಂದೆ ಮನೆ ಕಟ್ಟುವ ಮೇಸ್ತ್ರಿ. ಪಂಚಾಂಗಕ್ಕೆ ಮಣ್ಣು ತೆಗೆಯುವ ಮೊದಲು ಅವರು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಹಗ್ಗ ಹಿಡಿದು, ಮೂಲೆ ಸರಿಯಿದೆಯೇ ಎಂದು ನೋಡುತ್ತಾರೆ. ಆ ಗೆರೆಯೇ ಮುಂದೆ ಮನೆಯಾಗುತ್ತದೆ. ನಮ್ಮ ಸೀತಾಂಗೋಳಿಯ ಎಚ್.ಎ.ಎಲ್. ಕಾರ್ಖಾನೆಯಂಥ ಕಡೆಯಲ್ಲಿ ತಯಾರಾಗುವ ಉಪಕರಣವೂ ಮೊದಲು ಒಂದು ನಕ್ಷೆಯಾಗಿಯೇ ಹುಟ್ಟಬೇಕು. ಮಗ ಕಲಿಯುತ್ತಿರುವುದು ತಂದೆಯ ಕೈಯಿಂದ. ಗೆರೆ ಎಳೆದು ಯೋಚಿಸುವ ಆ ಅಭ್ಯಾಸವನ್ನು ಬಿಡಿಸಲು ನಾವು ಯಾರು?

ಈ ವರ್ಷ ನಾವು ಚಿತ್ರಕಲೆಯ ಪಿರಿಯಡನ್ನು ಗಣಿತಕ್ಕೆ ತೆಗೆದುಕೊಂಡಿಲ್ಲ. ಮಾರ್ಚಿನವರೆಗೂ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಗಣಿತದ ಪಿರಿಯಡಿಗೆ ಪೆನ್ಸಿಲು, ಹುಣಸೆಬೀಜ ಮತ್ತು ಹಗ್ಗ ತರಲು ಹೇಳಿದ್ದೇವೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೈ ಕೆಸರಾದರೆ ಬುದ್ಧಿಯೂ ತಿಳಿಯಾಗುತ್ತದೆ ಎಂಬುದನ್ನು ಅದಕ್ಕೆ ಸೇರಿಸಿಕೊಳ್ಳೋಣ.